ಪದಚರ್ಚೆ: ಆಟಗಾರ ‘ಲೋನ್’ ಮೇಲೆ ಬಂದ್ರೆ ಸಾಲವೋ ಎರವಲೋ?

ತುಮಕೂರಿಂದ:

ಎಲ್ರಿಗೂ ನಮಸ್ಕಾರ. ಅರ್ಜೆಂಟಾಗಿ ಒಂದು ಪದ ಬೇಕಿತ್ತು, ನಾಳೆ ಮಧ್ಯಾಹ್ನದೊಳಗೆ ಫ್ಲೆಕ್ಸ್ ಪ್ರಿಂಟಿಗೆ ಕೊಡ್ಬೇಕು. ನಾವೊಂದು ಹದಿನೈದು ಜನ ಹುಡುಗ್ರು ಸ್ಪೇನಿನ ಫುಟ್‌ಬಾಲ್ ಕ್ಲಬ್ ಬಾರ್ಸಿಲೋನಾ ಫ್ಯಾನ್ಸು, ಬಿ.ಎಚ್. ರಸ್ತೇಲಿ ಸ್ನೇಹಿತನ ಅಂಗಡಿ ಮುಂದೆ ಸೀಸನ್ ಶುರುವಾಗೋ ಮುಂಚೆ ಒಂದು ಫ್ಲೆಕ್ಸ್ ಕಟ್ತೀವಿ, ಈ ಸಲ ಪೂರ್ತಿ ಕನ್ನಡದಲ್ಲೇ ಇರ್ಲಿ ಅಂತ ಎಲ್ರೂ ಒಪ್ಪಿದೀವಿ. ವಿಷಯ ಏನಂದ್ರೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಮಾರ್ಕಸ್ ರಾಶ್‌ಫರ್ಡ್ ಈ ಜುಲೈನಲ್ಲಿ (2025) ನಮ್ಮ ಕ್ಲಬ್ಬಿಗೆ ಲೋನ್ ಮೇಲೆ ಬಂದಿದಾನೆ, ಅಂದ್ರೆ ಹಳೇ ಕ್ಲಬ್ಬಿನ ಆಟಗಾರನಾಗೇ ಉಳಿದು ಸ್ವಲ್ಪ ಕಾಲ ನಮಗೆ ಆಡ್ತಾನೆ, ಒಂದು ಸೀಸನ್ನಿಗೆ, 14ನೇ ನಂಬರ್ ಜೆರ್ಸಿ, ಸೀಸನ್ ಮುಗಿದ ಮೇಲೆ ಬೇಕು ಅನ್ಸಿದ್ರೆ ದುಡ್ಡು ಕೊಟ್ಟು ಕೊಂಡ್ಕೊಳ್ಳೋ ಅವಕಾಶಾನೂ ಇದೆ. ಇದನ್ನ ಕನ್ನಡದಲ್ಲಿ ಹೇಗೆ ಬರೆಯೋದು? ‘ಸಾಲದ ಮೇಲೆ ಬಂದ’ ಅಂತ ಬರ್ದು ನೋಡ್ದೆ, ಯಾಕೋ ಹೊಟ್ಟೆಗೆ ಇಳೀಲಿಲ್ಲ. ಎರಡೇ ಸಾಲು ಜಾಗ ಇರೋದು. ದಯವಿಟ್ಟು ಬೇಗ ಹೇಳಿ.

ಶಿರಾದಿಂದ:

ಲೋನ್ ಅಂತಲೇ ಬಿಡಿ ತಮ್ಮಾ. ಹಳ್ಳಿ ಅಜ್ಜೀಗೂ ಲೋನ್ ಗೊತ್ತು, ಟ್ರ್ಯಾಕ್ಟರ್ ಲೋನ್, ಬೆಳೆ ಲೋನ್, ಸಂಘದ ಲೋನ್. ಗೋಲು ಕನ್ನಡ ಆಯ್ತು, ಬಸ್ಸು ಕಾರು ಆಯ್ತು, ಲೋನೂ ಆಯ್ತು. ಬಾಲಕ್ಕೆ ಒಂದು ಉಕಾರ ಹಾಕಿ ವಿಭಕ್ತಿ ಅಂಟಿಸಿದ್ರೆ ನಮ್ಮದೇ ಪದ.

ಕೋಲಾರದಿಂದ:

ಶಿರಾದವರ ವಾದ ಅವರಿಗೇ ತಿರುಗು ಬಾಣ. ಅಜ್ಜಿಗೆ ಲೋನ್ ಗೊತ್ತಿರೋದ್ರಿಂದಲೇ ಅದು ಇಲ್ಲಿ ಬೇಡ, ಫ್ಲೆಕ್ಸ್ ಓದಿದವರಿಗೆ ಈ ಹುಡುಗ ಬ್ಯಾಂಕಲ್ಲಿ ಲೋನ್ ಮಾಡಿ ಬಂದಿದಾನೆ ಅನ್ಸುತ್ತೆ. ಇನ್ನು ‘ಸಾಲದ ಆಟಗಾರ’ ಅಂತ ಮಾತ್ರ ದೇವ್ರಾಣೆಗೂ ಹಾಕಿಸ್ಬೇಡಿ. ‘ಸಾಲ’ಕ್ಕೆ ಷಷ್ಠಿ ಹಚ್ಚಿದ್ರೂ ಸಾಲದ, ‘ಸಾಲು’ ಅನ್ನೋ ಕ್ರಿಯಾಪದದ ನಿಷೇಧ ಕೃದಂತಾನೂ ಸಾಲದ. ಅಂದ್ರೆ ‘ಸಾಲದ ಆಟಗಾರ’ ಅಂದ್ರೆ ಯೋಗ್ಯತೆ ಸಾಲದ ಆಟಗಾರ ಅಂತಾನೂ ಓದ್ಬಹುದು. ನಿಮ್ಮ ಬದ್ಧವೈರಿ ರಿಯಲ್ ಮ್ಯಾಡ್ರಿಡ್ ಕಡೆಯವರು ನಿಮ್ಮೂರಲ್ಲೂ ಇರ್ತಾರೆ, ಫ್ಲೆಕ್ಸ್ ಮುಂದೆ ನಿಂತು ಫೋಟೋ ತೆಗೀತಾರೆ.

ಅರ್ಥದಲ್ಲೂ ಸಾಲ ಹೊಂದಲ್ಲ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದ್ರೆ ಅದೇ ಸಕ್ಕರೇನ ವಾಪಸ್ ಕೊಡ್ತೀವಾ? ಅದು ಪಾಯಸಕ್ಕೆ ಹೋಯ್ತು, ಅಷ್ಟೇ ಅಳತೆಯ ಬೇರೆ ಸಕ್ಕರೆ ಕೊಡ್ತೀವಿ. ದುಡ್ಡೂ ಹಾಗೇ, ತಂದ ನೋಟು ಖರ್ಚಾಗುತ್ತೆ, ತೀರಿಸೋದು ಬೇರೆ ನೋಟಲ್ಲಿ. ಅದು ಸಾಲ, ಕಡ, ಕೈಗಡ. ಏಣಿ ತಂದ್ರೆ? ಗುದ್ದಲಿ, ಒನಕೆ, ಮದುವೆಗೆ ದೊಡ್ಡ ಕೊಳದಪ್ಪಲೆ ತಂದ್ರೆ? ಅದೇ ಏಣಿ, ಅದೇ ಕೊಳದಪ್ಪಲೇನ ವಾಪಸ್ ಕೊಡ್ಬೇಕು, ಮಾಲೀಕ ಬದಲಾಗಲ್ಲ. ಇದಕ್ಕೆ ಎರವಲು ಅಂತಾರೆ. ರಾಶ್‌ಫರ್ಡ್‌ಗೆ ಬದಲಾಗಿ ಬೇರೆ ಸ್ಟ್ರೈಕರನ್ನ ಅಳೆದು ಕೊಡೋಕಾಗಲ್ಲ, ಆತನನ್ನೇ ಕಳಿಸ್ಬೇಕು. ಎರವಲು ಆಟಗಾರ. ಮುಗೀತು.

ಗೌರಿಬಿದನೂರಿಂದ:

ಮುಗೀಲಿಲ್ಲ. ಎರವಲು ಅನ್ನೋ ಪದದ ಬೇರು ಮೊದಲು ನೋಡಿ ಆಮೇಲೆ ಹಾಕಿ. ಎರೆ ಅಂದ್ರೆ ಹೊಯ್ಯೋದು, ನೀರೆರೆ, ಎಣ್ಣೆ ಎರೆ, ಧಾರೆ ಎರೆ. ಹಿಂದೆ ಏನನ್ನಾದ್ರೂ ಕೊಡುವಾಗ ಕೈಗೆ ನೀರು ಬಿಟ್ಟು ಕೊಡ್ತಿದ್ರು, ಹಾಗೆ ಎರೆದು ಕೊಟ್ಟಿದ್ದೇ ಎರವು, ಎರವಲು. ನಾನು ಇಪ್ಪತ್ತು ವರ್ಷದಿಂದ ಹೇಳ್ಕೊಂಡೇ ಬಂದಿದೀನಿ. ಹಾಗಾಗಿ ಅದು ದಾನಕ್ಕೆ ಹತ್ರದ ಪದ, ವ್ಯವಹಾರದ ಪದ ಅಲ್ಲ.

ಕೆಜಿಎಫ್‌ನಿಂದ:

ತಪ್ಪು. ಹೊಯ್ಯೋ ಎರೆ ಹಳಗನ್ನಡದಲ್ಲಿ ಎಱೆ, ಶಕಟರೇಫ, ಅಂದ್ರೆ ಈಗ ಬಿಟ್ಟುಹೋಗಿರೋ ಹಳೇ ಗಡುಸು ರ. ಎರವಲಿನದು ಸಾದಾ ರ, ಅದರ ಬೇರು ಬೇಡು ಅನ್ನೋ ಅರ್ಥದ ಎರೆ. ನಾವು ಚಾಂಪಿಯನ್ ರೀಫ್ ಕಡೆಯವರು ಮನೇಲಿ ತಮಿಳು ಹೊರಗೆ ಕನ್ನಡ ತೆಲುಗು ಆಡ್ಕೊಂಡು ಬೆಳೆದವರು, ನಮಗೆ ಇದು ನಿಘಂಟು ನೋಡಿ ಕಲಿಯೋ ವಿಷಯ ಅಲ್ಲ. ತಮಿಳಲ್ಲಿ ಇರವಲ್ ಅಂದ್ರೆ ಎರವಲು ತಂದ ವಸ್ತು, ಇರ ಅಂದ್ರೆ ಬೇಡು. ತಮಿಳಲ್ಲಿ ಎರಡು ರ ಇವತ್ತಿಗೂ ಬೇರೆ ಬೇರೆ ಬರೀತಾರೆ, ಇರವಲ್‌ನಲ್ಲಿ ಇರೋದು ಸಾದಾ ರ. ಅಲ್ಲಿಯ ಇಕಾರ ಇಲ್ಲಿ ಎಕಾರ ಆಗೋದು ಎಲ್ರಿಗೂ ಗೊತ್ತಿರೋದೇ, ಇಲೈ ಎಲೆ, ಇಡಂ ಎಡೆ. ತೆಲುಗಿನ ಎರವೂ ಇದೇ ಮನೆತನದ್ದು. ಧಾರೆ ಎರೆದು ಕೊಟ್ಟಿದ್ದು ವಾಪಸ್ ಬರಲ್ಲ ಸ್ವಾಮಿ, ಎರವಲು ಬರುತ್ತೆ. ನಿಮ್ಮ ನಿಷ್ಪತ್ತಿ ಅರ್ಥಕ್ಕೂ ಉಲ್ಟಾ, ಅಕ್ಷರಕ್ಕೂ ಉಲ್ಟಾ.

ಮುಳಬಾಗಿಲಿಂದ:

ನಂದೊಂದು ಎರಡು ಪದ. ನಮ್ಮ ಕಡೆ ಮನೆ ಭೋಗ್ಯಕ್ಕೆ ಹಾಕ್ಕೋತಾರೆ, ‘ಭೋಗ್ಯದ ಆಟಗಾರ’ ಆಗಲ್ವಾ? ಇಲ್ಲಾಂದ್ರೆ ಮುಯ್ಯಾಳು. ರಾಗಿ ಕುಯ್ಲಲ್ಲಿ ಇವತ್ತು ನಿಮ್ಮನೆಯವರು ನಮ್ಮ ಹೊಲಕ್ಕೆ ಬಂದ್ರೆ ನಾಳಿದ್ದು ನಾವು ನಿಮ್ಮ ಹೊಲಕ್ಕೆ ಹೋಗ್ತೀವಿ. ಅಚ್ಚಗನ್ನಡ, ಮಣ್ಣಿನ ವಾಸನೆ ಇರೋ ಪದ.

ಕೋಲಾರದಿಂದ:

ಭೋಗ್ಯದಲ್ಲಿ ಮನೆ ಬಿಡುವಾಗ ಕೊಟ್ಟ ದುಡ್ಡು ವಾಪಸ್ ಬರುತ್ತೆ. ಲೋನ್ ಫೀ ಕೊಟ್ಟ ಕ್ಲಬ್ಬಿಗೆ ಒಂದು ಕಾಸೂ ವಾಪಸ್ ಬರಲ್ಲ. ಮುಯ್ಯಿ ಅಂದ್ರೆ ತಿರುಗಿ ಆಳು ಕಳಿಸ್ಬೇಕು, ಬಾರ್ಸಿಲೋನಾ ಯಾರನ್ನ ಕಳಿಸಿದೆ? ಎರಡೂ ಬೇಡ.

ಚಿಕ್ಕಬಳ್ಳಾಪುರದಿಂದ:

ಎಲ್ರೂ ಒಳ್ಳೊಳ್ಳೆ ಮಾತೇ ಆಡಿದೀರ ಆದ್ರೆ ಕಣ್ಮುಂದೆ ಇರೋ ಪದಾನ ಯಾರೂ ಎತ್ತಲಿಲ್ಲ ಅಂತ ಆಶ್ಚರ್ಯ. ನಾನು ನಿವೃತ್ತ ಗುಮಾಸ್ತ, ಸರ್ವಿಸಲ್ಲಿ ಮೂರು ವರ್ಷ ನಮ್ಮ ಇಲಾಖೆ ಬಿಟ್ಟು ಇನ್ನೊಂದು ಇಲಾಖೇಲಿ ಡೆಪ್ಯುಟೇಷನ್ ಮೇಲೆ ಕೆಲಸ ಮಾಡಿದೋನು. ಡೆಪ್ಯುಟೇಷನ್‌ಗೆ ಸರ್ಕಾರಿ ಆದೇಶದಲ್ಲಿ ಏನಂತ ಬರೀತಾರೆ? ನಿಯೋಜನೆ ಅಂತಾರೆ, ಅಷ್ಟೇ ಸಲೀಸಾಗಿ ಎರವಲು ಸೇವೆ ಅಂತಾನೂ ಅಂತಾರೆ. ‘ಎರವಲು ಸೇವೆ ರದ್ದು, ಮಾತೃ ಇಲಾಖೆಗೆ ವಾಪಸ್’ ಅಂತ ಪೇಪರಲ್ಲೂ ಎಷ್ಟೋ ಸಲ ಓದಿರ್ತೀರ. ಎರವಲು ವಸ್ತುಗೆ ಮಾತ್ರ ಅಲ್ಲ ಮನುಷ್ಯರಿಗೂ ಸಲ್ಲುತ್ತೆ ಅನ್ನೋದು ಕನ್ನಡದಲ್ಲಿ ಆಗಲೇ ಇತ್ಯರ್ಥ ಆಗಿರೋ ವಿಷಯ, ಹೊಸದಾಗಿ ಟಂಕಿಸೋದೇನಿಲ್ಲ.

ನನ್ನ ಮೊಮ್ಮಗ ಫುಟ್‌ಬಾಲ್ ಹುಚ್ಚ, ಅವನ ಪಕ್ಕ ಕೂತು ರಾತ್ರಿ ಮ್ಯಾಚ್ ನೋಡ್ತಾ ನೋಡ್ತಾ ನಂಗೂ ಕಾನೂನೆಲ್ಲ ಗೊತ್ತಾಯ್ತು, ಕೇಳ್ತಾ ಹೋದಂಗೆ ಇದು ನಮ್ಮ ಆಫೀಸಿನ ಫೈಲೇ ಅಲ್ವಾ ಅನ್ನಿಸ್ತು. ನಾನು ಹೋದಾಗ ನನ್ನ ಲೀನ್, ಅಂದ್ರೆ ಕಾಯಂ ಹುದ್ದೆ ಮೇಲಿನ ಹಕ್ಕು, ಮಾತೃ ಇಲಾಖೇಲೇ ಇತ್ತು, ಹಾಗೇ ಆಟಗಾರನ ಮೂಲ ಕಾಂಟ್ರ್ಯಾಕ್ಟ್ ಹಳೇ ಕ್ಲಬ್ಬಲ್ಲೇ ಉಳಿಯುತ್ತೆ. ನನ್ನ ಸಂಬಳ ಕೊಟ್ಟಿದ್ದು ಹೋದ ಕಡೆಯವರು, ಇಲ್ಲೂ ಸಂಬಳ ಪೂರ್ತಿನೋ ಒಂದು ಪಾಲೋ ಕರೆಸ್ಕೊಂಡ ಕ್ಲಬ್ಬಿನ ಮೇಲೆ. ಅವಧಿ ಆದೇಶದಲ್ಲೇ ಇರುತ್ತೆ. ಫಿಫಾದವರು 2022ರ ಜುಲೈ 1ರಿಂದ ಹೊಸ ನಿಯಮ ತಂದವ್ರೆ, ಒಂದು ಲೋನ್ ಒಂದು ವರ್ಷ ಮೀರೋಹಾಗಿಲ್ಲ, ಮುಂದುವರಿಸ್ಬೇಕಂದ್ರೆ ಆಟಗಾರನೂ ಒಪ್ಬೇಕು. ಇನ್ನೊಂದು ಏನಂದ್ರೆ ಎರವಲು ತಂದ ಆಟಗಾರನನ್ನ ಮೂರನೇ ಕ್ಲಬ್ಬಿಗೆ ಎರವಲು ಕೊಡೋಹಾಗಿಲ್ಲ. ಇದಂತೂ ನಮ್ಮೂರ ನ್ಯಾಯಾನೇ, ಎರವಲು ತಂದ ಎತ್ತನ್ನ ಮತ್ತೊಬ್ರ ನೇಗಿಲಿಗೆ ಕಟ್ಟಿದ್ರೆ ಮಾಲೀಕ ಸುಮ್ನಿರ್ತಾನಾ?

ಎರವಲು ಹೋದೋನು ಮಾತೃ ಕ್ಲಬ್ ಎದುರು ಆಡ್ಬಹುದಾ ಅಂತ ಮೊಮ್ಮಗನ್ನ ಕೇಳ್ದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಲ್ಲಿ ಆಡೋಹಾಗಿಲ್ಲ, ಯುರೋಪಿನ ಚಾಂಪಿಯನ್ಸ್ ಲೀಗಲ್ಲಿ ತಡೆಯೋಹಾಗಿಲ್ಲ. 2014ರಲ್ಲಿ ಚೆಲ್ಸಿಯಿಂದ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಎರವಲು ಹೋಗಿದ್ದ ಗೋಲ್‌ಕೀಪರ್ ಕೊರ್ಟುವಾ ಸೆಮಿಫೈನಲಲ್ಲಿ ಚೆಲ್ಸಿ ಎದುರೇ ನಿಂತ, ಲಂಡನ್ನಲ್ಲೇ ಅಟ್ಲೆಟಿಕೊ 3-1ರಲ್ಲಿ ಗೆದ್ದಿತು. 2020ರ ಆಗಸ್ಟ್ 14ನೇ ತಾರೀಕು ಲಿಸ್ಬನ್ನಲ್ಲಿ ಬಯರ್ನ್ ಮ್ಯೂನಿಕ್ 8-2ರಲ್ಲಿ ಬಾರ್ಸಿಲೋನಾನ ಸೋಲಿಸ್ತಲ್ಲ, ಕೊನೇ ಎರಡು ಗೋಲ್ ಹೊಡೆದ ಕುಟಿನ್ಯೊ ಬಾರ್ಸಿಲೋನಾದವನೇ, ಬಯರ್ನ್‌ಗೆ ಎರವಲು ಹೋಗಿದ್ದೋನು. ಗೋಲ್ ಹೊಡೆದು ಕುಣೀಲೂ ಇಲ್ಲ ಪಾಪ. ತುಮಕೂರಿನ ಹುಡುಗ್ರಿಗೆ ಆ ರಾತ್ರಿ ಮರೆತಿರಲ್ಲ, ನೋವಾದ್ರೆ ಕ್ಷಮಿಸಿ, ಆದ್ರೆ ಮಾತೃ ಅನ್ನೋ ಪದದ ತೂಕ ಎಷ್ಟು ಅಂತ ನಂಗೆ ಗೊತ್ತಾಗಿದ್ದು ಅವನ ಮುಖ ನೋಡಿನೇ. ನಾನೂ ಮೂರು ವರ್ಷ ಬೇರೆ ಆಫೀಸಿನ ಮೇಜಲ್ಲಿ ಕೂತು ನಮ್ಮ ಇಲಾಖೆ ವಿರುದ್ಧದ ಆಕ್ಷೇಪಣೆ ಕಾಗದಗಳನ್ನ ಟೈಪ್ ಮಾಡಿದೀನಿ.

ಹಾಗಾಗಿ ನನ್ನ ಸಲಹೆ: ಲೋನ್ ಅಂದ್ರೆ ಎರವಲು ಸೇವೆ, ಆಟಗಾರ ಎರವಲು ಆಟಗಾರ, ಕೊಟ್ಟ ಕ್ಲಬ್ ಮಾತೃ ಕ್ಲಬ್. ಕೊಂಡ್ಕೊಳ್ಳೋ ಅವಕಾಶಕ್ಕೆ ‘ಕೊಳ್ಳುವ ಆಯ್ಕೆಯ ಎರವಲು’, ಕೊಳ್ಳಲೇಬೇಕು ಅಂತ ಷರತ್ತಿದ್ರೆ ‘ಕೊಳ್ಳಲೇಬೇಕಾದ ಎರವಲು’. 2017ರಲ್ಲಿ ಎಂಬಾಪೆ ಮೊನಾಕೊ ಬಿಟ್ಟು ಪ್ಯಾರಿಸ್‌ಗೆ ಹೋಗಿದ್ದೂ ಮೊದಲ ವರ್ಷ ಎರವಲಾಗೇ, ಆಮೇಲೆ ಕೊಂಡ್ರು.

ಗೌರಿಬಿದನೂರಿಂದ:

ನಿಷ್ಪತ್ತಿ ವಿಷಯ ಆಮೇಲೆ ನೋಡ್ಕೊಳ್ಳೋಣ, ಶಾಸನಗಳನ್ನ ತಿರುಗಿ ನೋಡ್ತೀನಿ. ಆದ್ರೆ ‘ಎರವಲು ಸೇವೆ’ ಅರಿಸಮಾಸ. ಕನ್ನಡಕ್ಕೆ ಸಂಸ್ಕೃತ ಅಂಟಿಸಿದೀರ. ಮಾತೃ ಯಾಕೆ, ತವರು ಇಲ್ವಾ? ತವರು ತಂಡ ಅನ್ನಿ. ಆಫೀಸಿನ ಕನ್ನಡ ಅಂದ್ರೆ ಅದು ಇಂಗ್ಲಿಷಿಗೆ ಪಂಚೆ ಉಡಿಸಿದ್ದು ಅಷ್ಟೇ.

ಚಿಕ್ಕಬಳ್ಳಾಪುರದಿಂದ:

ತವರು ನಂಗೂ ಇಷ್ಟದ ಪದ ಸಾರ್, ಆದ್ರೆ ಕ್ರೀಡಾ ಪುಟದವರು ಅದನ್ನ ಆಗಲೇ ತಗೊಂಡಿದಾರೆ. ತವರಿನಂಗಳ, ತವರಿನ ಪ್ರೇಕ್ಷಕರು, ತವರು ತಂಡ ಅಂದ್ರೆ ಸ್ವಂತ ಮೈದಾನದಲ್ಲಿ ಆಡ್ತಿರೋ ತಂಡ. ಕಂಠೀರವದಲ್ಲಿ ಆಡುವಾಗ ಬೆಂಗಳೂರು ಎಫ್‌ಸಿ ತವರು ತಂಡ. ಎರಡಕ್ಕೂ ಒಂದೇ ಪದ ಹಾಕಿದ್ರೆ ಓದೋರಿಗೆ ಗೋಜಲು. ಅರಿಸಮಾಸಕ್ಕೆ ಬಂದ್ರೆ, ವ್ಯಾಕರಣ ಬರೆದ ಕೇಶಿರಾಜನೇ 13ನೇ ಶತಮಾನದಲ್ಲಿ ಬಿರುದಾವಳಿಗೂ ಹಿಂದಿಂದ ರೂಢಿಯಾಗಿರೋ ಮಾತಿಗೂ ವಿನಾಯ್ತಿ ಕೊಟ್ಟಿದಾನೆ. ಆಫೀಸಿನ ಕನ್ನಡದ ಬಗ್ಗೆ ಹಗುರವಾಗಿ ಮಾತಾಡ್ಬೇಡಿ. ತಹಸೀಲ್ದಾರ್ ಕಚೇರೀಲಿ ರೈತನಿಗೆ ಅರ್ಥ ಆಗೋಹಾಗೆ ಟಿಪ್ಪಣಿ ಬರೀಬೇಕು ಅಂತ ನಾವು ಎಷ್ಟೋ ಜನ ಜೀವಮಾನ ತೇದಿದೀವಿ.

ತಿಪಟೂರಿಂದ:

ಮಾತು ಎಲ್ಲಿಂದೆಲ್ಲಿಗೋ ಹೋಗ್ತಿದೆ, ಆದ್ರೂ ಒಂದು ಕೇಳ್ತೀನಿ. ಏಣಿ ವಾಪಸ್ ಕೊಟ್ರೇನೇ ಎರವಲು ಅನ್ನೋದಾದ್ರೆ ಭಾಷಾಶಾಸ್ತ್ರದಲ್ಲಿ ‘ಎರವಲು ಪದ’ ಅಂತ ಹೆಂಗಂತೀವಿ? ಪೋರ್ಚುಗೀಸರಿಂದ ಚಾವಿ, ಅಲಮಾರು ತಗೊಂಡ್ವಿ, ಅರಬ್ಬಿಯಿಂದ ಕರಾರು ತಗೊಂಡ್ವಿ, ಯಾವತ್ತು ವಾಪಸ್ ಕೊಟ್ವಿ? ಅವರ ಹತ್ರಾನೂ ಅದು ಕಮ್ಮಿ ಆಗ್ಲಿಲ್ಲ. ಜಿ. ವೆಂಕಟಸುಬ್ಬಯ್ಯನವರು ತಮ್ಮ ಕೋಶಕ್ಕೇ ಎರವಲು ಪದಕೋಶ ಅಂತ ಹೆಸರಿಟ್ರು, ಅವರ ಮೇಲೆ ಅಪಾರ ಗೌರವ ಇಟ್ಕೊಂಡೇ ಹೇಳ್ತೀನಿ, ನಂಗದು ಯಾವತ್ತೂ ಹಿಡಿಸ್ಲಿಲ್ಲ. ನಮ್ಮ ಮನೇಲಿ ನಾಲ್ಕು ತಲೆಮಾರಿಂದ ಇರೋ ಪದಾನ ಎರವಲು ಅಂದ್ರೆ ಹೊಟ್ಟೆ ಉರಿಯುತ್ತೆ. ಚಾವಿ ಎರವಲಲ್ಲ, ಮನೆಗೆ ಬಂದ ಸೊಸೆ. ಎರವಲು ಅನ್ನೋ ಪದಕ್ಕೆ ಸರಿಯಾದ ಜಾಗ ಈ ಫುಟ್‌ಬಾಲ್ ಹುಡುಗನೇ.

ಗೌರಿಬಿದನೂರಿಂದ:

ಹೀಗೆ ಬಂದವರನ್ನೆಲ್ಲ ಸೊಸೆ ಮಾಡ್ಕೊಂಡೇ ಗುದ್ದಲಿ ಬಿಟ್ಟು ಬೇರೆ ಏನಕ್ಕೂ ನಮ್ಮ ಪದ ಉಳಿದಿಲ್ಲ.

ಕೆಜಿಎಫ್‌ನಿಂದ:

ನಮ್ಮೂರಲ್ಲಿ ಬಂದವರೇ ಊರು ಕಟ್ಟಿದ್ದು. ಗಣಿ 2001ರಲ್ಲಿ ಮುಚ್ಚಿತು, ಮಾತು ಮುಚ್ಲಿಲ್ಲ. ನಾನು ಇನ್ನು ಈ ವಿಷಯದಲ್ಲಿ ಬರೆಯಲ್ಲ.

ತುಮಕೂರಿಂದ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಚಿಕ್ಕಬಳ್ಳಾಪುರದ ತಾತನವರಿಗೆ ವಿಶೇಷವಾಗಿ. 8-2ರ ರಾತ್ರಿ ನಾನು ಪಿಯುಸಿ, ಆಮೇಲೆ ಎರಡು ದಿನ ಯಾರ ಹತ್ರಾನೂ ಮಾತಾಡಿರ್ಲಿಲ್ಲ. ‘ಎರವಲು ಸೇವೆ’ ಅಂದ್ರೆ ನಮ್ಮ ಹುಡುಗ್ರು ಟ್ರಾನ್ಸ್‌ಫರ್ ಆರ್ಡರ್ ತರ ಇದೆ ಅಂದ್ರು, ಹಾಗಾಗಿ ಸೇವೆ ಬಿಟ್ಟು ಎರವಲು ಮಾತ್ರ ಇಟ್ಕೊಂಡ್ವಿ, ಮಾತೃ ಕ್ಲಬ್ ಹಾಗೇ ಇದೆ. ಈಗ ಡಿಟಿಪಿ ಅಂಗಡೀಲಿ ಕೂತು ಟೈಪ್ ಮಾಡಿಸ್ತಿರೋದು ಇದು:

‘ಮಾತೃ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ಒಂದು ಸೀಸನ್ನಿಗೆ ಎರವಲು ಬಂದ ಮಾರ್ಕಸ್ ರಾಶ್‌ಫರ್ಡ್‌ಗೆ
ತುಮಕೂರಿನ ಬಾರ್ಸಾ ಬಳಗದ ಸ್ವಾಗತ’

ಎರಡು ಸಾಲಲ್ಲಿ ಕೂತ್ಕೊಂತು. ತಪ್ಪಿದ್ರೆ ಇನ್ನು ಅರ್ಧ ಗಂಟೆ ಒಳಗೆ ಹೇಳಿ, ಆಮೇಲೆ ಮಷಿನ್‌ಗೆ ಹೋಗುತ್ತೆ.

ಗೌರಿಬಿದನೂರಿಂದ:

ಸೀಸನ್ನಿಗೆ ಬದಲು ಋತುವಿಗೆ.

ಕೋಲಾರದಿಂದ:

ಬೇಡ. ಅವರ ಸೀಸನ್ ಆಗಸ್ಟಿಂದ ಮೇವರೆಗೆ, ಅದರಲ್ಲಿ ನಮ್ಮ ಮಳೆ, ಚಳಿ, ಬೇಸಿಗೆ ಮೂರೂ ಬರುತ್ತೆ. ಸೀಸನ್ನೇ ಇರ್ಲಿ. ರಾಶ್‌ಫರ್ಡ್‌ನಲ್ಲಿ ಶ ನೋಡ್ಕೊಳಿ, ಡಿಟಿಪಿಯವರು ಷ ಹಾಕಿರ್ತಾರೆ.