ಮ್ಯೂನಿಕ್–ಆಮ್‌ಸ್ಟರ್‌ಡ್ಯಾಮ್: ಪ್ರತಿ ವಾರ ಓಡಾಡಲು ಆಗುತ್ತಾ?

ಮೈಸೂರಿನವಳು, ಮ್ಯೂನಿಕ್:
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಳ್ಳೆ ಕೆಲಸ ಸಿಕ್ಕಿದೆ. ನನ್ನ ಕೆಲಸ ಇಲ್ಲೇ. ಮಗನಿಗೆ ಐದು ವರ್ಷ, ಬರುವ ಸೆಪ್ಟೆಂಬರ್‌ಗೆ ಒಂದನೇ ಕ್ಲಾಸು. ಇವರು ಸೋಮವಾರ ಹೋಗಿ ಶುಕ್ರವಾರ ಬರುತ್ತೇನೆ ಅನ್ನುತ್ತಿದ್ದಾರೆ. ವಿಮಾನ ಒಂದೂವರೆ ಗಂಟೆ ಅಷ್ಟೇ ಅಂತೆ. ಮನೆ ಬಿಟ್ಟು ಅಲ್ಲಿ ಮುಟ್ಟಲು ನಿಜಕ್ಕೂ ಎಷ್ಟು ಹೊತ್ತು ಬೇಕು? ಮಗನ ಹತ್ತಿರ ಕನ್ನಡ ಜಾಸ್ತಿ ಮಾತಾಡುವುದು ಇವರೇ. ಅದೇ ಯೋಚನೆಯಲ್ಲಿ ನಿದ್ದೆ ಬರುತ್ತಿಲ್ಲ.

ಧಾರವಾಡದವ, ಆಮ್‌ಸ್ಟರ್‌ಡ್ಯಾಮ್:
ಅಕ್ಕಾ, ನಾನು ಎಂಟು ತಿಂಗಳು ಇದೇ ದಾರಿಯಲ್ಲಿ ಓಡಾಡಿದ್ದೇನೆ. ವಿಮಾನದ ದೂರ ಸುಮಾರು 670 ಕಿ.ಮೀ., ಹೆಚ್ಚುಕಡಿಮೆ ಬೆಂಗಳೂರಿನಿಂದ ಬೀದರ್‌ಗೆ ಬಸ್ಸಲ್ಲಿ ಹೋದಷ್ಟು. ಮ್ಯೂನಿಕ್ ನಡುಮಧ್ಯದ ಮರಿಯನ್‌ಪ್ಲಾಟ್ಜ್‌ನಿಂದ ಎಸ್-ಬಾನ್ ಲೋಕಲ್ ರೈಲಿನಲ್ಲಿ ಏರ್‌ಪೋರ್ಟಿಗೆ ಮುಕ್ಕಾಲು ಗಂಟೆ. ಸೆಕ್ಯುರಿಟಿ, ಬೋರ್ಡಿಂಗ್ ಅಂತ ಒಂದೂವರೆ ಗಂಟೆ. ಇಲ್ಲಿಯ ಏರ್‌ಪೋರ್ಟ್ ಸ್ಕಿಪೋಲ್‌ನಲ್ಲಿ ಇಳಿದ ಮೇಲೂ ಕೆಲವು ಸಲ ವಿಮಾನ ಗೇಟಿಗೆ ಬರಲು ಕಾಲು ಗಂಟೆ ಉರುಳುತ್ತದೆ. ಅಲ್ಲಿಂದ ಊರೊಳಗಿನ ಸೆಂಟ್ರಲ್ ಸ್ಟೇಷನ್‌ಗೆ ರೈಲು. ಒಟ್ಟು ಐದು ಗಂಟೆ ಇಟ್ಟುಕೊಳ್ಳಿ. ನೈಟ್‌ಜೆಟ್ ಅಂತ ರಾತ್ರಿ ರೈಲೂ ಇದೆ, ಮಲಗಿಕೊಂಡು ಬರಬಹುದು. ಚಳಿಗಾಲದಲ್ಲಿ ಹುಷಾರು. 2023ರ ಡಿಸೆಂಬರ್‌ನಲ್ಲಿ ಹಿಮ ಬಿದ್ದು ಮ್ಯೂನಿಕ್ ಏರ್‌ಪೋರ್ಟೇ ಮುಚ್ಚಿತ್ತು. ಜರ್ಮನಿಯ ಬ್ಲೂ ಕಾರ್ಡ್ (ಓದಿ ಕೆಲಸಕ್ಕೆ ಬಂದವರಿಗೆ ಕೊಡುವ ಪರ್ಮಿಟ್) ಇದ್ದರೂ ಇಲ್ಲಿ ನೆದರ್‌ಲ್ಯಾಂಡ್ಸ್‌ನ ಪರ್ಮಿಟ್‌ಗೆ ಬೇರೆ ಅರ್ಜಿ ಹಾಕಬೇಕು.

ಹಳೇ ಶಿವಮೊಗ್ಗ, ಫ್ರಾಂಕ್‌ಫರ್ಟ್:
ತಂಗಿ, ಗಂಟೆ ಲೆಕ್ಕ ಬಿಡಮ್ಮ. ಬೇಡ ಅಂದರೆ ಬೇಡ. ನಾನು ಆರು ವರ್ಷ ವಿಯೆನ್ನಾಕ್ಕೆ ಹೀಗೇ ಹೋಗಿ ಬಂದೆ. ಅದೂ ಒಂದೂಕಾಲು, ಒಂದೂವರೆ ಗಂಟೆಯ ವಿಮಾನವೇ. ಶುಕ್ರವಾರ ನಾನು ಬರುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು. ಭಾನುವಾರ ಸಂಜೆ ನಾನು ಅಂಗಿ ಇಸ್ತ್ರಿ ಮಾಡಲು ನಿಂತರೆ ಎದ್ದು ಬೇರೆ ರೂಮಿಗೆ ಹೋಗುತ್ತಿದ್ದಳು. ಈಗ ಯೂನಿವರ್ಸಿಟಿಯಲ್ಲಿದ್ದಾಳೆ. ಊರಿಂದ ಅಜ್ಜಿ ಫೋನ್ ಮಾಡಿದರೆ "ಹೂಂ ಅಜ್ಜಿ, ಊಟ ಆಯ್ತು" ಅಂದು ಫೋನ್ ನನ್ನ ಕೈಗೆ ಕೊಡುತ್ತಾಳೆ. ಅಷ್ಟೇ ಅವಳ ಕನ್ನಡ. ಸಂಬಳ ಇನ್ನೊಂದು ಕಡೆ ಸಿಗುತ್ತದೆ. ಮನೆ ಒಂದೇ ಕಡೆ ಇರಲಿ.

ಹಾಸನದವಳು, ಸ್ಟುಟ್‌ಗಾರ್ಟ್:
ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾವಂತೂ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡುವುದೇ ಇಲ್ಲ. ಮಗ ಕಾಗುಣಿತ ಪೂರ್ತಿ ಬರೆಯುತ್ತಾನೆ. ರಾಜ್ಯೋತ್ಸವಕ್ಕೆ ವೇದಿಕೆ ಮೇಲೆ ವಚನ ಹೇಳಿದ. ಮನಸ್ಸಿದ್ದರೆ ಎಲ್ಲಾ ಆಗುತ್ತದೆ.

ಮಂಗಳೂರಿನವ, ಬರ್ಲಿನ್:
ಕೈಗೆ ಬಂದ ಕೆಲಸ ಬಿಡಿ ಅನ್ನುವುದು ಸುಲಭ ಸರ್. ಮೇಡಂ, ಪಿಆರ್, ಅಂದರೆ ಜರ್ಮನಿಯಲ್ಲಿ ಕಾಯಂ ಇರುವ ಪರ್ಮಿಟ್, ಆಗಿದೆಯಾ? ಬ್ಲೂ ಕಾರ್ಡಿನವರಿಗೆ ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಭಾಷೆ ಬಂದರೆ 21 ತಿಂಗಳು ಸಾಕು. ಮೊದಲು ಅದನ್ನು ಮುಗಿಸಿಕೊಳ್ಳಿ.

ಹಳೇ ಶಿವಮೊಗ್ಗ, ಫ್ರಾಂಕ್‌ಫರ್ಟ್:
ಪಿಆರ್ ವಿಷಯ ಅವರು ಕೇಳಲೇ ಇಲ್ಲವಲ್ಲಪ್ಪ. ಮಗು ಮಲಗುವ ಹೊತ್ತಿಗೆ ಅಪ್ಪ ಮನೆಯಲ್ಲಿ ಇರಬೇಕು.

ತುಮಕೂರಿನವ, ಕಲೋನ್:
ಸರ್ ಮಾತಿಗೆ ನನ್ನದೂ ಒಪ್ಪಿಗೆ.

ಹಾಸನದವಳು, ಸ್ಟುಟ್‌ಗಾರ್ಟ್:
ನನ್ನದೂ.

ಮೈಸೂರಿನವಳು, ಮ್ಯೂನಿಕ್:
ಎಲ್ಲರದ್ದೂ ಓದಿದೆ, ಇವರಿಗೂ ತೋರಿಸಿದೆ. ಸರ್ ಬರೆದದ್ದನ್ನು ಎರಡು ಸಲ ಓದಿ ಸುಮ್ಮನೆ ಕೂತರು. ಧಾರವಾಡದಣ್ಣ, ಆ ರಾತ್ರಿ ರೈಲು ಭಾನುವಾರ ಇಲ್ಲಿಂದ ಎಷ್ಟಕ್ಕೆ ಹೊರಡುತ್ತದೆ? ಮಗನನ್ನು ಮಲಗಿಸಿ ಹೋಗಲು ಆಗುತ್ತಾ ಅಂತ ಕೇಳುತ್ತಿದ್ದಾರೆ.