ಪ್ರೋಗ್ರೆಸಿವ್ ಕನ್ನಡಕ, ಕತ್ತು ನೋವು: ಮಾನಿಟರ್ ಎಷ್ಟು ಎತ್ತರ ಇರಬೇಕು?

ಗುಬ್ಬಿಗೂಡು:
ದಿನಕ್ಕೆ ಏಳು ಗಂಟೆ ಡೇಟಾ ಎಂಟ್ರಿ. ಕಡತ ಎಡಗಡೆ ಮೇಜಿನ ಮೇಲೆ, 22 ಇಂಚಿನ ಮಾನಿಟರ್ ಎದುರಿಗೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಬೇಕು ಅಂತಾರಲ್ಲ, ಅದಕ್ಕೆ ಅಡಿಗೆ ಎರಡು ಪೇಪರ್ ರೀಮ್ ಇಟ್ಟಿದ್ದೇನೆ. ಆದರೆ ಕತ್ತಿನ ಹಿಂಭಾಗದ ನೋವು ಇನ್ನೂ ಜಾಸ್ತಿ, ಸಂಜೆಗೆ ಕಣ್ಣುರಿ ಬೇರೆ. ವಯಸ್ಸು 47, ಪ್ರೋಗ್ರೆಸಿವ್ ಕನ್ನಡಕ. ನೀಲಿ ಬೆಳಕಿನ ಕೋಟಿಂಗ್ ಹಾಕಿಸಿದರೆ ಸರಿಹೋಗುತ್ತಾ?

ಲೆನ್ಸ್‌ಮೇಜು:
ಮೊದಲು ಆ ರೀಮ್ ಎರಡನ್ನೂ ತೆಗೀರಿ. ಮೇಲಂಚಿನ ಲೆಕ್ಕ ಕನ್ನಡಕ ಇಲ್ಲದವರಿಗೆ, ಇಲ್ಲವೇ ಒಂದೇ ಪವರಿನ ಕನ್ನಡಕದವರಿಗೆ. ಪ್ರೋಗ್ರೆಸಿವ್‌ನಲ್ಲಿ ಮೇಲ್ಭಾಗ ದೂರಕ್ಕೆ, ಕೆಳಭಾಗ ಸುಮಾರು 40 ಸೆಂ.ಮೀ. ಓದಿಗೆ, ಪರದೆಯ ದೂರಕ್ಕೆ ಸಿಗೋದು ನಡುವಿನ ಕಿರಿದಾದ ಪಟ್ಟಿ ಮಾತ್ರ. ಪರದೆ ಎತ್ತರದಲ್ಲಿದ್ದರೆ ಆ ಪಟ್ಟಿಯೊಳಗಿಂದ ನೋಡಲು ಗದ್ದ ತಾನಾಗಿ ಮೇಲೇಳುತ್ತೆ. ತಲೆ ಹಿಂದಕ್ಕೆ ವಾಲಿ, ಬುರುಡೆಯ ಬುಡದ ಸಣ್ಣ ಸ್ನಾಯುಗಳು ಗಂಟೆಗಟ್ಟಲೆ ಬಿಗಿದುಕೊಂಡಿರುತ್ತವೆ. ನಿಮ್ಮ ನೋವಿನ ಜಾಗ ನೋಡಿದರೆ ಇದೇ ಕಾರಣ ಅನಿಸುತ್ತೆ.

ಸ್ಟ್ಯಾಂಡ್ ಪೂರ್ತಿ ಇಳಿಸಿ, ಪರದೆಯನ್ನು 10ರಿಂದ 20 ಡಿಗ್ರಿ ಹಿಂದಕ್ಕೆ ವಾಲಿಸಿ. ಕೆಲಸದ ಮಧ್ಯೆ ಪಕ್ಕದಿಂದ ಒಂದು ಫೋಟೊ ತೆಗೆಸಿ ನೋಡಿ. ಗದ್ದ ಇನ್ನೂ ಮೇಲಿದ್ದರೆ ಕನ್ನಡಕವೇ ಬದಲಾಗಬೇಕು. ಕಣ್ಣಿನಿಂದ ಪರದೆಗೆ ಟೇಪಿನಲ್ಲಿ ಅಳತೆ ಹಿಡಿದು (50ರಿಂದ 70 ಸೆಂ.ಮೀ. ಒಳಗಿರಲಿ) ಆ ಸಂಖ್ಯೆಯನ್ನೇ ಕಣ್ಣು ಪರೀಕ್ಷೆ ಮಾಡುವವರಿಗೆ ಹೇಳಿ, ಕಂಪ್ಯೂಟರಿಗೆಂದೇ ಬೇರೆ ಕನ್ನಡಕ ಬರೆಸಿ. ಅದನ್ನು ಹಾಕಿಕೊಂಡು ಗಾಡಿ ಓಡಿಸಬೇಡಿ.

ನೀಲಿ ಕೋಟಿಂಗ್ ದಂಡ. ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೋಕ್ರೇನ್ ಸಂಸ್ಥೆಯ 2023ರ ವಿಮರ್ಶೆಯಲ್ಲೂ ಅದರಿಂದ ಕಣ್ಣಿನ ಆಯಾಸ ಕಡಿಮೆಯಾಗುತ್ತೆ ಅನ್ನೋದಕ್ಕೆ ಆಧಾರ ಸಿಕ್ಕಿಲ್ಲ.

ಮೇಜುಕುರ್ಚಿ:
ಮಾನಿಟರ್ ಇಳಿಸಿದರೂ ಕಡತ ಮೇಜಿನ ಮೇಲೇ ಮಲಗಿದ್ದರೆ ಅರ್ಧ ನೋವು ಉಳಿಯುತ್ತೆ. ಡೇಟಾ ಎಂಟ್ರಿಯವರು ಪರದೆಗಿಂತ ಕಾಗದವನ್ನೇ ಹೆಚ್ಚು ನೋಡ್ತಾರೆ, ಆದರೂ ನೇರ ಎದುರಿನ ಜಾಗ ಪರದೆಗೆ ಕೊಟ್ಟಿರ್ತಾರೆ! ಕೀಬೋರ್ಡಿಗೂ ಮಾನಿಟರಿಗೂ ನಡುವೆ ಇಳಿಜಾರಾಗಿ ಕಡತ ಇಡಿ; ಎಡಕ್ಕೆ ತಿರುಗೋದೇ ತಪ್ಪುತ್ತೆ.

ಕುರ್ಚಿಯನ್ನೂ ನೋಡಿ. ಮೇಜು ಸಾಮಾನ್ಯವಾಗಿ 75 ಸೆಂ.ಮೀ. ಎತ್ತರ ಇರುತ್ತೆ, ಕುಳ್ಳಗಿರುವವರಿಗೆ ಜಾಸ್ತಿ. ಟೈಪ್ ಮಾಡುವಾಗ ಭುಜ ಮೇಲೇಳುತ್ತಿದ್ದರೆ, ಮೊಣಕೈ ಕೀಬೋರ್ಡಿನ ಮಟ್ಟಕ್ಕೆ ಬರುವವರೆಗೆ ಕುರ್ಚಿ ಏರಿಸಿ, ಕಾಲಡಿಗೆ ಮಣೆ ಹಾಕಿಕೊಳ್ಳಿ. ಪರದೆಯ ಎತ್ತರ ಹೊಂದಿಸೋದು ಇದಾದ ಮೇಲೆ.

ಗುಬ್ಬಿಗೂಡು:
ನಮ್ಮದು ದಾರ ಕಟ್ಟಿದ ದಪ್ಪ ಕಡತ ಸರ್, ಕ್ಲಿಪ್ ಇರೋ ಹೋಲ್ಡರಲ್ಲಿ ನಿಲ್ಲಲ್ಲ.

ಮೇಜುಕುರ್ಚಿ:
ಪಾರಾಯಣಕ್ಕೆ ಬಳಸೋ ಮರದ ವ್ಯಾಸಪೀಠ ತಂದುಬಿಡಿ, ಎಂಥ ಭಾರಕ್ಕೂ ಜಗ್ಗಲ್ಲ. ಅದೂ ಬೇಡ ಅಂದ್ರೆ ಖಾಲಿ ಬಾಕ್ಸ್ ಫೈಲನ್ನು ಅದರ ದಪ್ಪ ಬೆನ್ನು ಮಾನಿಟರ್ ಕಡೆ ಬರುವ ಹಾಗೆ ಮಲಗಿಸಿ, ಅದರ ಮೇಲೆ ಕಡತ ಇಡಿ.

ಹನಿಕಣ್ಣು:
ಕಣ್ಣುರಿಗೂ ಆ ರೀಮಿಗೂ ಸಂಬಂಧ ಇದೆ. ಮೇಲಕ್ಕೆ ನೋಡುವಾಗ ರೆಪ್ಪೆ ಅಗಲವಾಗಿ ತೆರೆದು ಕಣ್ಣೀರು ಬೇಗ ಆರುತ್ತೆ, ಕೆಳಗೆ ನೋಡುವಾಗ ಅರ್ಧ ಮುಚ್ಚಿರುತ್ತೆ. ಪರದೆ ನೋಡುತ್ತಾ ರೆಪ್ಪೆ ಬಡಿಯೋದೂ ಕಡಿಮೆಯಾಗುತ್ತೆ. ಎಸಿಯ ಗಾಳಿ ಮುಖಕ್ಕೆ ಬೀಸುತ್ತಿದ್ದರೆ ಅದರ ದಿಕ್ಕು ತಿರುಗಿಸಿ. ಇಪ್ಪತ್ತು ನಿಮಿಷಕ್ಕೊಮ್ಮೆ 20 ಸೆಕೆಂಡು, ಆರು ಮೀಟರ್ ಆಚೆಯದೇನಾದರೂ ನೋಡಿ. ಆಗಲೇ ಹತ್ತು ಸಲ ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯಿರಿ. ಕೆಂಪು ಇಳಿಸುವ ಡ್ರಾಪ್ಸ್ ಬೇಡ, ಹಾಕೋದು ನಿಲ್ಲಿಸಿದ ಮೇಲೆ ಕೆಂಪು ಇನ್ನೂ ಹೆಚ್ಚಬಹುದು.

ಕನ್ನಡದಲ್ಲಿ ಟೈಪ್ ಮಾಡೋದಾದರೆ ಜೂಮ್ 125% ಇಡಿ. ನೂರರಲ್ಲಿ ಒತ್ತಕ್ಷರ ನೋಡೋಕೆ ಎಲ್ಲರೂ ಮೂಗು ಮುಂದೆ ತರ್ತಾರೆ, ಅದರ ಜೊತೆ ಕತ್ತೂ ಮುಂದೆ ಬರುತ್ತೆ. ನೋವು ತೋಳಿಗೆ ಇಳಿದರೆ, ಬೆರಳು ಜೋಮು ಹಿಡಿದರೆ ಮೇಜು ಹೊಂದಿಸುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.