ಖಾಸಗಿ ಪತ್ತೇದಾರರು ಮಾಡುವುದನ್ನು ‘ತನಿಖೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಬಳಕೆಯ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ‘ಖಾಸಗಿ ತನಿಖೆ’, ‘ಖಾಸಗಿ ತನಿಖಾ ಸಂಸ್ಥೆ’ ಅನ್ನುವ ಮಾತುಗಳು ಜಾಹೀರಾತಿನಲ್ಲೂ ಸುದ್ದಿಯಲ್ಲೂ ಸಲೀಸಾಗಿ ಓಡಾಡುತ್ತಿವೆ. ನನಗೆ ಇದು ಸರಿ ಕಾಣುವುದಿಲ್ಲ. ಸುಮ್ನೆ ಪದದ ಮೇಲಿನ ಹಟ ಅಂದುಕೊಳ್ಳಬೇಡಿ. ಪತ್ತೇದಾರರ ಬಾಗಿಲಿಗೆ ಹೋಗುವವರು ಸಾಮಾನ್ಯವಾಗಿ ಕಂಗಾಲಾಗಿರುತ್ತಾರೆ. ಸಂಸಾರದಲ್ಲಿ ಅನುಮಾನ, ಮಗಳ ಮದುವೆಯ ಆತಂಕ, ಪಾಲುದಾರ ಮೋಸ ಮಾಡಿದ ಸಂಕಟ, ಹೀಗೆ ಏನೋ ಒಂದು. ‘ತನಿಖೆ’ ಅಂದ ಕೂಡಲೇ ಪೊಲೀಸರಿಗೆ ಇರುವ ಅಧಿಕಾರ ಇವರಿಗೂ ಇದೆ ಅಂತ ಅವರು ನಂಬಿಬಿಡುತ್ತಾರೆ. ‘ಅವನ ಬ್ಯಾಂಕ್ ಖಾತೆ ತೆಗೆಸಿ’, ‘ಅವಳ ಫೋನ್ ಕರೆಗಳ ಪಟ್ಟಿ ತರಿಸಿ’ ಅಂತ ಕೇಳುವುದು ಆ ನಂಬಿಕೆಯಿಂದಲೇ.

ಕಾನೂನಿನಲ್ಲಿ ತನಿಖೆಗೆ ಗಟ್ಟಿಯಾದ ಅರ್ಥ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2023ರ 2ನೇ ಕಲಂ ಪ್ರಕಾರ, ಆ ಸಂಹಿತೆಯಡಿ ಸಾಕ್ಷ್ಯ ಸಂಗ್ರಹಿಸಲು ಪೊಲೀಸ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ವ್ಯಕ್ತಿ ನಡೆಸುವ ಕೆಲಸವೇ ತನಿಖೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಹೀಗೇ ಇತ್ತು. ಹಣ ಕೊಟ್ಟು ಗೊತ್ತು ಮಾಡಿಕೊಂಡ ಪತ್ತೇದಾರರು ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಯಾರನ್ನೂ ಠಾಣೆಗೆ ಕರೆಸುವ, ಮನೆ ಶೋಧಿಸುವ, ದಾಖಲೆ ಕೊಡಿ ಅಂತ ಒತ್ತಾಯಿಸುವ ಹಕ್ಕು ಅವರಿಗಿಲ್ಲ. ನಿಮಗೂ ನನಗೂ ಎಷ್ಟು ಅಧಿಕಾರ ಇದೆಯೋ ಅವರಿಗೂ ಅಷ್ಟೇ. ಅವರ ಹತ್ತಿರ ಜಾಸ್ತಿ ಇರುವುದು ಸಮಯ, ತಾಳ್ಮೆ, ಅನುಭವ.

‘ವಿಚಾರಣೆ’ಯದ್ದು ಇನ್ನೊಂದು ತೊಡಕು. ಅದು ನ್ಯಾಯಾಲಯದಲ್ಲಿ ನಡೆಯುವಂಥದ್ದು, ಇಲ್ಲವೇ ಪೊಲೀಸರು ಆರೋಪಿಯನ್ನು ಕೂರಿಸಿಕೊಂಡು ಮಾಡುವಂಥದ್ದು. ಆದರೆ ಅದರ ಕ್ರಿಯಾಪದ ನೋಡಿ, ಎಷ್ಟು ಸಾಧು! ‘ಹುಡುಗನ ಬಗ್ಗೆ ಚೆನ್ನಾಗಿ ವಿಚಾರಿಸಿದಿರಾ?’ ಅಂತ ಹಿರಿಯರು ಕೇಳುತ್ತಾರೆ ಅಲ್ವಾ? ಅಲ್ಲಿ ಅಧಿಕಾರದ ಸೋಂಕೇ ಇಲ್ಲ. ನಾಲ್ಕು ಜನರನ್ನು ಕೇಳಿದರು, ಹೇಳುವವರು ಹೇಳಿದರು, ಹೇಳದವರು ಸುಮ್ಮನಾದರು. ಖಾಸಗಿ ಪತ್ತೇದಾರರ ಕೆಲಸಕ್ಕೆ ಇಷ್ಟು ಚೆನ್ನಾಗಿ ಹೊಂದುವ ಮಾತು ನನಗೆ ಬೇರೆ ಸಿಕ್ಕಿಲ್ಲ. ಓದಿದ್ದು ನಿಜವೇ, ಹೇಳಿದ ಕಡೆ ಕೆಲಸ ಮಾಡುತ್ತಿದ್ದಾರಾ, ಹಿಂದೆ ಮದುವೆ ಆಗಿತ್ತಾ, ಇಂಥ ಸಂಗತಿಗಳನ್ನು ಅವರು ವಿಚಾರಿಸಿ ತಿಳಿಸುತ್ತಾರೆ. ಕ್ರಿಯಾಪದವಾಗಿ ಇದು ಸೊಗಸು, ನಾಮಪದ ಮಾಡಲು ಹೋದರೆ ಕೋರ್ಟು ಕಣ್ಮುಂದೆ ಬರುತ್ತದೆ. ಹಾಗಾಗಿ ‘ಪತ್ತೆ ಕೆಲಸ’, ‘ಮಾಹಿತಿ ಕಲೆಹಾಕುವುದು’ ಅಂತ ಬರೆದರೆ ಹೇಗೆ ಅಂತ ಯೋಚಿಸುತ್ತಿದ್ದೇನೆ.

ಆ ವ್ಯಕ್ತಿಗೆ ‘ಪತ್ತೇದಾರ’ ಒಳ್ಳೆಯ ಹೆಸರು. ಜನರ ಬಾಯಲ್ಲೂ ಇದೆ. ‘ಬೇಹುಗಾರ’, ‘ಗೂಢಚಾರ’, ‘ಗುಪ್ತಚರ’ ಇವೆಲ್ಲ ರಾಜ್ಯದ ಕಡೆಯವರು. ಕೌಟಿಲ್ಯನ ಅರ್ಥಶಾಸ್ತ್ರದ ಗೂಢಪುರುಷರು ರಾಜನಿಗಾಗಿ ಕೆಲಸ ಮಾಡಿದವರು. ಈಗಲೂ ಗುಪ್ತಚರ ಇಲಾಖೆ ಅಂದರೆ ಸರ್ಕಾರದ್ದೇ. ಖಾಸಗಿಯವರಿಗೆ ಆ ಹೆಸರು ಕೊಟ್ಟರೆ ಮತ್ತೆ ಅದೇ ಗೊಂದಲ.

ಜಾಹೀರಾತುಗಳಲ್ಲಿ ಬರುವ ‘ಪರವಾನಗಿ ಪಡೆದ ಪತ್ತೇದಾರರು’ ಅನ್ನುವ ಮಾತಿಗೆ ನನ್ನ ತಕರಾರು ಇನ್ನೂ ದೊಡ್ಡದು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಈ ವೃತ್ತಿಗೆ ಲೈಸೆನ್ಸ್ ಬೇಕು. ನಮ್ಮಲ್ಲಿ ಪತ್ತೇದಾರಿಕೆಗೇ ಅಂತ ಕೇಂದ್ರದ ಕಾಯ್ದೆ ಇಲ್ಲ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಇರುವುದು ಕಾವಲುಗಾರರನ್ನು ಒದಗಿಸುವವರಿಗೆ. ಪತ್ತೇದಾರಿ ಸಂಸ್ಥೆಗಳಿಗಾಗಿ 2007ರಲ್ಲಿ ರಾಜ್ಯಸಭೆಯಲ್ಲಿ ಮಸೂದೆ ಮಂಡನೆಯಾಯಿತು, ಕಾಯ್ದೆ ಆಗಲಿಲ್ಲ. ಕಂಪನಿ ನೋಂದಣಿ, ಜಿಎಸ್‌ಟಿ ಸಂಖ್ಯೆ ಇರಬಹುದು. ಅವು ಯಾವ ವ್ಯಾಪಾರಕ್ಕೂ ಇರುತ್ತವೆ. ಅವನ್ನೇ ‘ಸರ್ಕಾರದ ಮಾನ್ಯತೆ’ ಅಂತ ಬರೆದರೆ ಓದುವವರಿಗೆ ಮೋಸ. ಕನ್ನಡದಲ್ಲಿ ಸುಮ್ಮನೆ ‘ನೋಂದಾಯಿತ ಸಂಸ್ಥೆ’ ಅಂದರೆ ಸಾಕು.

ಈಗ ನಿಜವಾಗಿ ಕಷ್ಟ ಕೊಟ್ಟ ಪದಕ್ಕೆ ಬರುತ್ತೇನೆ: ‘ಹಿಂಬಾಲಿಸುವುದು’. ಒಬ್ಬರು ಎಲ್ಲಿಗೆ ಹೋಗುತ್ತಾರೆ, ಯಾರನ್ನು ಭೇಟಿಯಾಗುತ್ತಾರೆ ಅಂತ ಬೀದಿಯಲ್ಲಿ ದೂರದಿಂದ ನೋಡುವುದಕ್ಕೂ ಇದೇ ಪದ. ಹೆಣ್ಣಿನ ಬೆನ್ನು ಬಿದ್ದು ಕಾಡುವ ಅಪರಾಧಕ್ಕೂ ಇದೇ ಪದ. ಅಪರಾಧ, ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಈ ಎರಡನೆಯದರ ಬಗ್ಗೆ. ಬೇಡ ಅಂದ ಮೇಲೂ ಹೆಣ್ಣನ್ನು ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕಿಸುವ ಗಂಡಸು ಅಪರಾಧಿ. ಆಕೆಯ ಇಮೇಲ್, ಇಂಟರ್ನೆಟ್ ಬಳಕೆಯನ್ನು ಗಮನಿಸುತ್ತಿರುವವನೂ ಅಪರಾಧಿ. ಮೊದಲ ಸಲ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. ಅಪರಾಧ ತಡೆಯಲೆಂದು ಹಿಂಬಾಲಿಸಿದೆ ಅನ್ನುವ ವಿನಾಯಿತಿ ಇದೆ, ಆದರೆ ಆ ಹೊಣೆಯನ್ನು ಸರ್ಕಾರ ವಹಿಸಿಕೊಟ್ಟಿರಬೇಕು. ಗಂಡನೋ ಅಪ್ಪನೋ ಹಣ ಕೊಟ್ಟು ವಹಿಸಿದರೆ ಅದು ಈ ವಿನಾಯಿತಿಗೆ ಬರುವುದಿಲ್ಲ. ನಡತೆ ನ್ಯಾಯಸಮ್ಮತವಾಗಿತ್ತು ಅನ್ನುವ ಇನ್ನೊಂದು ವಿನಾಯಿತಿಯೂ ಇದೆ. ಆದರೆ ಅದನ್ನು ಸಾಬೀತು ಮಾಡುವ ಹೊರೆ ಆರೋಪಿಯ ಮೇಲೆ. ಇಷ್ಟು ದೂರ ಇರುವ ಎರಡು ಕೆಲಸಗಳನ್ನು ಒಂದೇ ಪದದಲ್ಲಿ ಹೇಳಿದರೆ, ಗೆರೆ ಎಲ್ಲಿದೆ ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು?

‘ಕದ್ದಾಲಿಕೆ’ ವಿಷಯದಲ್ಲಿ ಇಂಥ ತೊಂದರೆ ಇಲ್ಲ. ಕಳ್ಳತನ ಪದದೊಳಗೇ ಕೂತಿದೆ. ಸರ್ಕಾರ ಫೋನ್ ಕದ್ದಾಲಿಸಬೇಕಾದರೂ ಯಾರ ಆದೇಶ ಬೇಕು, ಎಷ್ಟು ದಿನ ನಡೆಯಬಹುದು ಅಂತ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಕಟ್ಟು ಹಾಕಿತು. 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಖಾಸಗಿಯವರಿಗೆ ಕದ್ದಾಲಿಕೆಯ ದಾರಿಯೇ ಇಲ್ಲ. ಬೇರೆಯವರ ಫೋನಿಗೆ ಗುಟ್ಟಾಗಿ ಆ್ಯಪ್ ಹಾಕಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅಪರಾಧ. ಕರೆಗಳ ವಿವರವನ್ನು ಅಕ್ರಮವಾಗಿ ಪಡೆದು ಮಾರುತ್ತಿದ್ದ ಆರೋಪದಲ್ಲಿ 2018ರಲ್ಲಿ ಮಹಾರಾಷ್ಟ್ರದ ಠಾಣೆ ನಗರದ ಪೊಲೀಸರು ಹಲವು ಪತ್ತೇದಾರರನ್ನು ಬಂಧಿಸಿದ್ದರು. ಪೊಲೀಸ್ ಅಥವಾ ಬೇರೆ ಸರ್ಕಾರಿ ನೌಕರ ಅಂತ ಸುಳ್ಳು ಹೇಳಿಕೊಂಡು ಮಾಹಿತಿ ಪಡೆದರೆ ನ್ಯಾಯ ಸಂಹಿತೆಯ 204ನೇ ಕಲಂ ಇದೆ.

‘ನಾನು ದುಡ್ಡು ಕೊಟ್ಟೆ ಅಷ್ಟೇ, ಮಾಡಿದ್ದು ಅವರು’ ಅನ್ನುವ ಮಾತೂ ನಿಲ್ಲುವುದಿಲ್ಲ. ಅಪರಾಧ ಮಾಡಿಸಿದವರಿಗೂ ಶಿಕ್ಷೆ ಇದೆ. ಇದಕ್ಕೆ ಕಾನೂನಿನ ಅನುವಾದಗಳಲ್ಲಿ ‘ದುಷ್ಪ್ರೇರಣೆ’ ಅಂತ ಬರೆಯುತ್ತಾರೆ. ‘ಕುಮ್ಮಕ್ಕು’ ಅಂದರೆ ಎಲ್ಲರಿಗೂ ತಟ್ಟನೆ ತಿಳಿಯುತ್ತದೆ, ನನ್ನ ಮತ ಅದಕ್ಕೇ.

ಸಾಕ್ಷಿ, ಸಾಕ್ಷ್ಯಗಳನ್ನೂ ಬೆರೆಸದೆ ಬರೆಯಬೇಕು. ಸಾಕ್ಷಿ ಅಂದರೆ ವ್ಯಕ್ತಿ, ಸಾಕ್ಷ್ಯ ಅಂದರೆ ಅವರು ಕೊಡುವುದು. ಪತ್ತೇದಾರರು ಬರೆದುಕೊಟ್ಟ ವರದಿ ಇದೆ ಅಂದ ಮಾತ್ರಕ್ಕೆ ಕೋರ್ಟಿನಲ್ಲಿ ಕೆಲಸ ಆಗುವುದಿಲ್ಲ. ಎದುರು ಪಕ್ಷ ಅದನ್ನು ಒಪ್ಪದಿದ್ದರೆ ಪತ್ತೇದಾರರೇ ಸಾಕ್ಷಿಯಾಗಿ ಬಂದು ಕಂಡದ್ದನ್ನು ಹೇಳಬೇಕು, ಪಾಟೀ ಸವಾಲು ಎದುರಿಸಬೇಕು. ವಿಡಿಯೊ, ಫೋಟೊದ ಪ್ರತಿ ಕೊಟ್ಟರೆ ಅದು ಯಾವ ಸಾಧನದಿಂದ, ಹೇಗೆ ಬಂತು ಅಂತ ತಿಳಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ದಂಪತಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ತಿಳಿಯದಂತೆ ತಮ್ಮ ಮಾತುಕತೆ ರೆಕಾರ್ಡ್ ಮಾಡಿದ್ದರೆ ಅದನ್ನು ವಿಚ್ಛೇದನದ ದಾವೆಯಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಅಂದಿತು. ಅಲ್ಲಿ ರೆಕಾರ್ಡ್ ಮಾಡಿದವರು ಆ ಮಾತುಕತೆಯಲ್ಲೇ ಇದ್ದವರು. ಮೂರನೆಯವರು ಮನೆಯೊಳಗೆ ಮೈಕ್ ಇಡಬಹುದು ಅಂತ ಇದರ ಅರ್ಥ ಮಾಡಿಕೊಂಡು ಬರೆಯುವವರು ಇದ್ದಾರೆ. ಅದು ತಪ್ಪು, ಅಪಾಯವೂ ಹೌದು.

ನನ್ನ ಪ್ರಶ್ನೆ ಎರಡು. ಖಾಸಗಿಯವರ ಕೆಲಸಕ್ಕೆ ‘ತನಿಖೆ’ ಬಿಟ್ಟು ‘ಪತ್ತೆ ಕೆಲಸ’ ಬಳಸಿದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ, ಇದಕ್ಕಿಂತ ಹಗುರವಾದದ್ದು ಇದೆಯೇ? ಇನ್ನೊಂದು, ದೂರದಿಂದ ನೋಡುತ್ತಾ ಹೋಗುವುದಕ್ಕೂ ಬೆನ್ನುಬಿದ್ದು ಕಾಡುವುದಕ್ಕೂ ನಿಮ್ಮ ಕಡೆಯ ಮಾತಿನಲ್ಲಿ ಬೇರೆ ಬೇರೆ ಕ್ರಿಯಾಪದ ಇದ್ದರೆ ದಯವಿಟ್ಟು ಒಂದು ವಾಕ್ಯದಲ್ಲಿ ಬಳಸಿ ತೋರಿಸಿ. ಮೊದಲನೆಯದಕ್ಕೆ ಸದ್ಯ ‘ಕಣ್ಣಿಡು’ ಅಂತ ಹಾಕಿಕೊಂಡಿದ್ದೇನೆ. ಆದರೆ ಅದರಲ್ಲಿ ಜೊತೆಗೇ ಸಾಗುವ ಭಾವ ಬರುತ್ತಿಲ್ಲ.